ಬುಧವಾರದ ಬಜಾರಿಗೆ ಆಯಿಯ ಹೆಬ್ಬೆಟ್ಟು

ಸರಸಂಬಾ, ತಾ. ಆಳಂದ
ಗುರುವಾರ, ೧೪ ಮಾರ್ಚ್ ೧೯೯೧

ಪ್ರೀತಿಯ ಆಯಿ, ನಿನ್ನ ಮೊಮ್ಮಗಳು ಹೀರಾಳ ಶರಣು.

ಮೊಣಕಾಲು ಹೇಗಿದೆ? ಜೇವರ್ಗಿಯ ಬಿಸಿಲು ನಮ್ಮೂರಿಗಿಂತ ಒಂದು ಕೈ ಹೆಚ್ಚೇ ಎಂದು ಗುರಣ್ಣ ಕಾಕಾ ಹೇಳಿಕಳಿಸಿದ್ದಾನೆ. ಮಧ್ಯಾಹ್ನ ಹೊರಗೆ ಹೋಗಬೇಡ. ರಾತ್ರಿ ಮಲಗುವ ಮುಂಚೆ ಎಣ್ಣೆ ಬಿಸಿ ಮಾಡಿ ತಿಕ್ಕಿಸಿಕೋ. ಸೊಸೆ ಎಂದರೆ ಸೇವೆಗೆ ಇಟ್ಟ ಆಳಲ್ಲ ಎಂದು ನಾನೇ ಭಾಷಣ ಮಾಡಿದ್ದು ನಿಜ, ಆದರೆ ಮೊಣಕಾಲಿಗೆ ಅದರಲ್ಲಿ ವಿನಾಯಿತಿ ಇದೆ ಎಂದು ಕಾಕೂಗೆ ಹೇಳು. ಇಲ್ಲಿ ಅವ್ವ ಆರಾಮ ಇದ್ದಾಳೆ. ಜೋಳದ ರಾಶಿ ಮುಗಿಯಿತು. ಕಂಡಕ್ಟರ್ ಹುಲೆಪ್ಪನ ಕೈಯಲ್ಲಿ ಶೇಂಗಾ ಹಿಂಡಿಯ ಡಬ್ಬಿ ಕೊಟ್ಟಿದ್ದೆ, ಮುಟ್ಟಿತೇ? ನೀನು ಹೋಗಿ ಮೂರು ತಿಂಗಳಾಗುತ್ತ ಬಂತು. ಬರುವ ಭಾನುವಾರ ಯುಗಾದಿ. ಕಾಲು ನೋವೆಂದು ಹೇಳಿ ಹೋದೆ. ಊರವರ ಮಾತು ತಾಳದೆ ಹೋದೆ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಟೀವಿಯ ಬುಧವಾರದ ಬಜಾರನ್ನು ಮುಚ್ಚಿಸಿದವಳು ಚಂದಮ್ಮ ಎಂದು ಇಲ್ಲಿ ಇನ್ನೂ ನಿನ್ನ ಹೆಸರು ಹಿಡಿದು ಆಡಿಕೊಳ್ಳುತ್ತಾರೆ. ಅದಕ್ಕೇ ಈ ಪತ್ರ. ಓದಿ ಹೇಳುವ ಜೈತುನಬಿ ಅಕ್ಕಾ, ನೀನು ಆಯಿಯ ಪಕ್ಕದ ಮನೆಯವಳು, ಅವಳ ಮುಖ ನೋಡಿ ಕರಗಿ ಒಂದೂ ಸಾಲು ನುಂಗಬೇಡ. ಕೊನೆಯತನಕ ಓದು.

ಪಂಚಾಯಿತಿಯ ಟೀವಿ ಇನ್ನೂ ಅದೇ ನೀಲಿ ಪೆಟ್ಟಿಗೆಯೊಳಗಿದೆ, ಆಯಿ. ಬೀಗದ ಕೈ ಇನ್ನೂ ದೇವೀಂದ್ರಪ್ಪ ಕಾಕಾನ ಉಡದಾರದಲ್ಲಿಯೇ. ಬಜಾರು ಮೊದಲ ಸಲ ಬಂದಾಗ ನನಗೆ ಹನ್ನೊಂದು ವರ್ಷ. ಹೆಂಗಸರು ಟೀವಿ ನೋಡಲು ಪಂಚಾಯಿತಿಗೆ ಹೋಗುವುದೇ ಎಂದು ಓಣಿಯೆಲ್ಲ ಗುಸುಗುಸು ಎನ್ನುತ್ತಿದ್ದಾಗ ನೀನು ಕೌದಿ ಬಗಲಲ್ಲಿ ಇಟ್ಟುಕೊಂಡು, ನನ್ನ ಕೈ ಹಿಡಿದುಕೊಂಡು ಹೋಗಿ ಮುಂದಿನ ಸಾಲಿನಲ್ಲಿಯೇ ಹಾಸಿದೆ. ಆಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಸಂಜೆ ಆರೂವರೆಗೆ ಸೈಕಲ್ ಅಂಗಡಿಯ ಮೆಹಬೂಬಣ್ಣ ಮಾಳಿಗೆ ಹತ್ತಿ ಆಂಟೆನಾದ ಕಂಬಿ ತಿರುಗಿಸಬೇಕು, ಕೆಳಗಿನಿಂದ ನಾವು ಬಂತು, ಹೋಯಿತು ಎಂದು ಕೂಗಬೇಕು. ಒಂದು ಸಲ ಚಿತ್ರ ಸರಿಯಾಗಿ ಬಂದ ಗಳಿಗೆಯಲ್ಲಿ ಕೈ ಬಿಟ್ಟರೆ ಹೋಗುತ್ತದೆಂದು ಅವನು ಅರ್ಧ ಗಂಟೆ ಮೇಲೆಯೇ ನಿಂತಿದ್ದ, ನಾವು ನಕ್ಕದ್ದನ್ನು ಕೇಳಿ ಅವನೂ ಅಲ್ಲಿಂದಲೇ ನಕ್ಕಿದ್ದ. ನೆನಪಿದೆಯೇ? ಬಜಾರು ಎಂದರೆ ಐದು ಸಣ್ಣ ನಗೆ ಪ್ರಸಂಗಗಳು, ನಡುವೆ ಒಂದು ತಮಟೆಯ ಸದ್ದು. ಯಾವುದೂ ಐದಾರು ನಿಮಿಷ ಮೀರುತ್ತಿರಲಿಲ್ಲ. ನಿನಗೆ ಬೇಕಾದದ್ದು ಮಾತ್ರ ಒಂದೇ, ಕಚೇರಿಯ ಬಾಗಿಲಿಗೆ ಅರ್ಜಿ ಹಿಡಿದು ಬರುವ ಮುದುಕಿಯದು. ಗುಮಾಸ್ತ ನಾಳೆ ಬಾ ಎನ್ನುತ್ತಾನೆ, ಅವಳು ಅಲ್ಲೇ ಕೂತು ಬುತ್ತಿ ಬಿಚ್ಚುತ್ತಾಳೆ, ಅವನಿಗೂ ಒಂದು ರೊಟ್ಟಿ ಕೊಡುತ್ತಾಳೆ, ಕೊನೆಗೆ ಅವನೇ ಸೋತು ಅರ್ಜಿ ತೆಗೆದುಕೊಳ್ಳುತ್ತಾನೆ. ವಿಧವಾ ವೇತನಕ್ಕೆ ಆಳಂದದ ಕಚೇರಿಗೆ ಹನ್ನೊಂದು ಸಲ ಹೋಗಿಬಂದ ನೀನು ಆ ನಟಿಗೆ ಕೂತಲ್ಲಿಂದಲೇ ಪಾಠ ಹೇಳುತ್ತಿದ್ದೆ. ಬಾಗಿಲಲ್ಲಿ ಹಾಗೆ ನಿಲ್ಲಬೇಡ, ಜವಾನ ನೂಕುತ್ತಾನೆ, ಕಂಬಕ್ಕೆ ಒರಗು ಎಂದು.

ಮುಗಿದ ಮೇಲೆ ಪೆಟ್ಟಿಗೆಗೆ ಬೀಗ ಬೀಳುವ ಮುನ್ನ ತೀರ್ಪು ಆಗಬೇಕಿತ್ತಲ್ಲ, ನಮ್ಮೂರಿನ ಹೊರತು ಬೇರೆಲ್ಲೂ ಈ ಪದ್ಧತಿ ಇರಲಿಕ್ಕಿಲ್ಲ. ಈ ವಾರದ ಬಜಾರು ಭರ್ತಿಯೋ ಖಾಲಿಯೋ ಎಂದು ಒಬ್ಬೊಬ್ಬರೂ ಹೇಳಬೇಕು, ಹೇಳಿದ ಮೇಲೆ ಜಗಳಾಡಬೇಕು. ಮುದುಕಿಯ ಪಾತ್ರಕ್ಕೆ ಹಳೆಯ ನಟಿ ಹೋಗಿ ಹೊಸಬಳು ಬಂದ ಮೇಲಂತೂ ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಒಂದು ಗಂಟೆಯ ಜಗಳ. ಮೊದಲಿನ ನಾಲ್ಕು ವರ್ಷ ಬಂಗಾರ, ಆಮೇಲಿನದೆಲ್ಲ ಹೊಟ್ಟು ಎನ್ನುವುದು ದೇವೀಂದ್ರಪ್ಪ ಕಾಕಾನ ವಾದ. ಹಳೆಯವುಗಳಲ್ಲೂ ಅರ್ಧಕ್ಕರ್ಧ ಸಪ್ಪೆ ಇದ್ದವು, ನಿಮಗೆ ಒಳ್ಳೆಯವಷ್ಟೇ ನೆನಪಿವೆ ಎನ್ನುವುದು ಮೆಹಬೂಬಣ್ಣನದು. ಒಂದು ದಿನ ಅವನು, “ಕಾಕಾ, ಆಗ ನಿಮಗ ಹಲ್ಲು ಇದ್ವು, ನಗೂದು ಸುಲಭ ಇತ್ತು,” ಎಂದದ್ದಕ್ಕೆ ಕಾಕಾ, “ನೀ ಪಂಕ್ಚರ್ ಟೈರಿಗೂ ಗಾಳಿ ಹೊಡಿಯೋ ಮನಶಾ, ನಿನಗೇನ್ ತಿಳೀತದ ಲೇ,” ಎಂದು ಬೀಗ ಹಾಕದೆಯೇ ಎದ್ದು ಹೋಗಿದ್ದ. ಎಲ್ಲರೂ ದಣಿದ ಮೇಲೆ ನಿನ್ನ ಪಾಳಿ. ಹತ್ತು ವರ್ಷ ನೀನು ಭರ್ತಿ ಎನ್ನಲಿಲ್ಲ, ಖಾಲಿ ಎನ್ನಲಿಲ್ಲ. ಕೌದಿ ಮಡಚುತ್ತ, “ಮುಂದಿನ ವಾರ ನೋಡೂಣು,” ಎನ್ನುತ್ತಿದ್ದೆ. ಹೊಸ ನಟಿಯನ್ನು ಎಲ್ಲರೂ ಬೈದಾಗ ಮಾತ್ರ ಒಮ್ಮೆ ಸಿಟ್ಟಿಗೆದ್ದಿದ್ದೆ. “ಹಳೇ ಮುದುಕಿ ಛಲೋ ಆಗ್ಲಿಕ್ಕ ಎರಡು ವರ್ಷ ಹಿಡೀತು. ನೀವ್ ಮರ್ತೀರಿ. ಈಕೀನೂ ಕಲೀಲಿ ತಡೀರಿ,” ಎಂದಿದ್ದೆ.

ನನಗೆ ತಡೆಯುವ ತಾಳ್ಮೆ ಇರಲಿಲ್ಲ. ಗುಲಬರ್ಗಾದ ಬಸ್ ಸ್ಟ್ಯಾಂಡಿನಲ್ಲಿ ಎಂಟಾಣೆಗೊಂದರಂತೆ ಕೊಂಡ ಕಿರುಹೊತ್ತಗೆಗಳನ್ನು ಓದಿ ಓದಿ ನನಗೊಂದು ಸತ್ಯ ಸಿಕ್ಕಿತ್ತು, ಅದನ್ನು ಇವತ್ತಿಗೂ ಬಿಡಲಾರೆ: ನಗುವಿಗೂ ಒಂದು ಪಕ್ಷವಿದೆ. ಹಳೆಯದೋ ಹೊಸದೋ ಎನ್ನುವುದು ಪ್ರಶ್ನೆಯೇ ಅಲ್ಲ, ಯಾರನ್ನು ನೋಡಿ ನಗುತ್ತೇವೆ ಎನ್ನುವುದು ಪ್ರಶ್ನೆ. ಮೊದಲು ಗುಮಾಸ್ತನನ್ನು ನೋಡಿ ನಗುತ್ತಿದ್ದೆವು, ಈಗ ಮುದುಕಿಯನ್ನು ನೋಡಿ ನಗಿಸುತ್ತಿದ್ದಾರೆ. ಕಳೆದ ಅಕ್ಟೋಬರಿನ ಆ ಬುಧವಾರ ಹೊಸ ಮುದುಕಿಗೆ ಹೆಬ್ಬೆಟ್ಟು ಒತ್ತು ಎಂದರೆ ಅವಳು ಇಡೀ ಅಂಗೈಯನ್ನು ಮಸಿಯಲ್ಲಿ ಅದ್ದಿ ಮುಖಕ್ಕೆ ಬಳಿದುಕೊಂಡಳು. ಊರೆಲ್ಲ ನಕ್ಕಿತು. ನೀನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ನನಗೆ ಮೈ ಉರಿಯಿತು. ಅದೇ ದಿನ ಮಧ್ಯಾಹ್ನ ನಾನು ಓದುಬರಹ ಕಲಿಸುವ ಅಕ್ಷರ ವರ್ಗದ ಹನ್ನೊಂದು ಹೆಂಗಸರಿಗೆ, ಓದಿಸಿಕೊಳ್ಳದ ಕಾಗದಕ್ಕೆ ಹೆಬ್ಬೆಟ್ಟು ಕೊಡಬೇಡಿ, ಓದಿ ಹೇಳದೆ ಹೆಬ್ಬೆಟ್ಟು ಕೇಳುವವನು ಕಳ್ಳ ಎಂದು ಬಾಯಿಪಾಠ ಮಾಡಿಸಿದ್ದೆ. ಮನೆಗೆ ಬಂದವಳೇ ಟೀವಿ ಕೇಂದ್ರಕ್ಕೆ ಮನವಿ ಬರೆದೆ. ಬಡವರ ಅವಮಾನವನ್ನು ಹಾಸ್ಯ ಎಂದು ಮಾರಬಾರದು, ಕಾರ್ಯಕ್ರಮವನ್ನು ಸುಧಾರಿಸಬೇಕು, ಇಲ್ಲವಾದರೆ ನಿಲ್ಲಿಸಬೇಕು ಎಂದು. ಮೂವತ್ತೊಂಬತ್ತು ಸಹಿ. ದೇವೀಂದ್ರಪ್ಪ ಕಾಕಾ ಎರಡು ಸಲ ಓದಿಸಿ ಸಹಿ ಮಾಡಿದ. ಎಲ್ಲಕ್ಕಿಂತ ಮೇಲೆ ನಿನ್ನ ಹೆಬ್ಬೆಟ್ಟು.

ಆಮೇಲಿನದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ಟೀವಿಯಲ್ಲಿ ಪ್ರೇಕ್ಷಕರ ಪತ್ರ ಓದುವ ಆ ಹೆಣ್ಣುಮಗಳು ನಗುನಗುತ್ತ, ಆಳಂದ ತಾಲೂಕಿನ ಸರಸಂಬಾದಿಂದ ಚಂದಮ್ಮ ಮತ್ತು ಇತರರು ಬುಧವಾರದ ಬಜಾರನ್ನು ನಿಲ್ಲಿಸಬೇಕೆಂದು ಕೇಳಿದ್ದಾರೆ ಎಂದಳು. ಅಷ್ಟೇ ಓದಿದಳು. ಸುಧಾರಿಸಬೇಕು ಎಂಬ ಮಾತು ಅಲ್ಲೆಲ್ಲೋ ಉದುರಿಹೋಗಿತ್ತು. ಇಡೀ ಪಂಚಾಯಿತಿ ನಿನ್ನ ಕಡೆ ತಿರುಗಿತು. ನಾನು ನಿನ್ನ ಪಕ್ಕದಲ್ಲೇ ಇದ್ದೆ. ಮೆಹಬೂಬಣ್ಣ ನಂಬದವನ ಹಾಗೆ, “ಆಯಿ, ನೀವಾ?” ಎಂದು ಕೇಳಿದ. ನೀನು ಒಂದು ಸಲ ನನ್ನ ಮುಖ ನೋಡಿದೆ. ಆಮೇಲೆ, “ಹೌದಪ್ಪಾ, ಹೆಬ್ಬಟ್ಟು ನಂದೇ ಅದ,” ಎಂದೆ. ಕೌದಿ ಮಡಚಿದೆ. ಮುಂದಿನ ವಾರದ ಮಾತು ಆಡಲಿಲ್ಲ.

ಎಳ್ಳಮಾಸಿ ಆದ ಮೇಲಿನ ಬುಧವಾರ ಬಜಾರು ನಿಂತಿತು. ನಮ್ಮ ಒಂದು ಕಾಗದಕ್ಕೆ ನಿಂತಿತೆಂದು ನಾನು ಇವತ್ತಿಗೂ ನಂಬುವುದಿಲ್ಲ, ಹತ್ತು ವರ್ಷದ ಕಾರ್ಯಕ್ರಮಕ್ಕೆ ಅದರದೇ ಆಯುಷ್ಯ ಇರುತ್ತದೆ. ಆದರೆ ಊರಿಗೆ ಒಂದು ಹೆಸರು ಸಿಕ್ಕಿತ್ತು. ಸಹಿ ಮಾಡಿದವರೂ ನಾವು ಸುಧಾರಿಸಿರಿ ಅಂದಿದ್ದೆವು, ನಿಲ್ಲಿಸಿರಿ ಅಂದವಳು ಮುದುಕಿ ಎಂದರು. ನೀರಿಗೆ ಹೋದಲ್ಲಿ ನಿನಗೆ ಏನೆಂದರು ಎಂದು ಅವ್ವ ಆಮೇಲೆ ಹೇಳಿದಳು. ನಿನ್ನನ್ನು ಬಸ್ ಹತ್ತಿಸುವಾಗ ನಾನು ಕೇಳಿದ್ದು ಮಾತ್ರ ಬೇರೆ. ಮಸಿ ಬಳಿದುಕೊಂಡ ಮುದುಕಿಯನ್ನು ನೋಡಿ ಯಾಕೆ ನಕ್ಕೆ ಎಂದು ಕೇಳಿದೆ. “ಆಕಿನ್ನ ನೋಡಿ ನಕ್ಕಿಲ್ಲ ಬೇ. ಆಳಂದದಾಗ ನನ್ನ ಹೆಬ್ಬಟ್ಟು ತಗೊಂಡ ದಿನ ಆ ಮಸಿ ಕಾರಕೂನನ ಬಿಳಿ ಅಂಗಿಗೆ ಒರಸಿ ಬಂದಿದ್ದೆ. ಅದು ನೆನಪಾಗಿತ್ತು,” ಎಂದೆ ನೀನು. ಬಸ್ ಹೊರಟಿತು. ನನ್ನ ಯಾವ ಹೊತ್ತಗೆಯಲ್ಲೂ ಈ ಸಾಲು ಇಲ್ಲ, ಆಯಿ.

ಬುಧವಾರ ಈಗಲೂ ಏಳೆಂಟು ಜನ ಬರುತ್ತಾರೆ. ಅದೇ ಹೊತ್ತಿಗೆ ಬೆಳೆಗೆ ಔಷಧ ಹೊಡೆಯುವ ಕಾರ್ಯಕ್ರಮ ಬರುತ್ತದೆ, ನೋಡುತ್ತಾರೆ. ಆಮೇಲೆ ಹಳೆಯ ಬಜಾರಿನ ಮಾತೇ. ಈಚೆಗೆ ದೇವೀಂದ್ರಪ್ಪ ಕಾಕಾನ ಬಂಗಾರದ ಕಾಲ ನಾಲ್ಕು ವರ್ಷದಿಂದ ಏಳು ವರ್ಷಕ್ಕೆ ಬೆಳೆದಿದೆ. ಮೆಹಬೂಬಣ್ಣ ಈಗ ವಾದಿಸುವುದಿಲ್ಲ, ಸುಮ್ಮನೆ ಹೌದೆನ್ನುತ್ತಾನೆ, ಅದಕ್ಕೆ ಕಾಕಾನಿಗೆ ಇನ್ನಷ್ಟು ಬೇಸರ. ಮುಂದಿನ ಸಾಲಿನಲ್ಲಿ ಒಂದು ಕೌದಿಯಷ್ಟು ಜಾಗ ಖಾಲಿ ಇದೆ.

ಗುರಣ್ಣ ಕಾಕಾನಿಗೂ ಕಾಕೂಗೂ ಶರಣು ಹೇಳು. ಜೈತುನಬಿ ಅಕ್ಕನಿಗೆ ಇಷ್ಟು ಓದಿ ದಣಿದದ್ದಕ್ಕೆ ಒಂದು ಲೋಟ ಚಹಾ ಕುಡಿಸು. ನಿನ್ನ ಪಾದಕ್ಕೆ ಹಣೆ ಹಚ್ಚುತ್ತೇನೆ.

ನಿನ್ನ
ಹೀರಾ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮನವಿ ಬರೆದ ಆ ರಾತ್ರಿ ನೀನು ರೊಟ್ಟಿ ಬಡಿಯುತ್ತಿದ್ದೆ. ನಾನು ನಿನ್ನ ಹಿಟ್ಟಿನ ಕೈ ಎಳೆದು ಒರೆಸಿ ಮಸಿಗೆ ಒತ್ತಿದೆ. ಏನದು ಬೇ ಎಂದು ನೀನು ಕೇಳಿದೆ. ಛಲೋ ಕೆಲಸಕ್ಕೆ ಎಂದೆನೇ ಹೊರತು ಓದಿ ಹೇಳಲಿಲ್ಲ. ಓದಿದ್ದರೆ ನೀನು ಒತ್ತುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಪಂಚಾಯಿತಿಯಲ್ಲಿ ನೀನು ನನ್ನ ಮುಖ ನೋಡಿದಾಗಲೂ ನಾನು ಬಾಯಿ ಬಿಡಲಿಲ್ಲ. ನಿನ್ನೆ ಬುಧವಾರ ಪೆಟ್ಟಿಗೆಯ ಮುಂದೆ ನಿಂತು ಎಲ್ಲರಿಗೂ ಇದನ್ನೇ ಹೇಳಿದೆ. ಯಾರೂ ಬೈಯಲಿಲ್ಲ. ನನ್ನ ವರ್ಗದ ಗುರುಶಾಂತಮ್ಮ ಮಾತ್ರ ಎದ್ದು, “ಹಂಗಾದ್ರ ನೀ ನಮ್ಮ ಹೆಬ್ಬಟ್ಟು ತಗೊಂಡ ಕಾಗದಗೋಳೂ ಇನ್ನೊಮ್ಮೆ ಓದಿ ಹೇಳವ್ವಾ,” ಎಂದಳು. ಮೊದಲಿನಿಂದ ಎಲ್ಲವನ್ನೂ ಓದುತ್ತಿದ್ದೇನೆ. ನಿನ್ನ ಜಾಗದಲ್ಲಿ ಈಗ ಮೆಹಬೂಬಣ್ಣ ಯಾರನ್ನೂ ಕೂರಲು ಬಿಡುವುದಿಲ್ಲ. ಭಾನುವಾರ ಹುಲೆಪ್ಪನ ಬಸ್ಸು ನಿಮ್ಮೂರಿನಿಂದ ಬೆಳಿಗ್ಗೆ ಎಂಟಕ್ಕೆ ಬಿಡುತ್ತದೆ. ಬರುವ ಮನಸ್ಸಿಲ್ಲವಾದರೆ ನನ್ನ ಮೇಲೆ ಭರ್ತಿ, ಖಾಲಿ ಏನೂ ಹೇಳಬೇಡ. ಮುಂದಿನ ವಾರ ನೋಡೂಣು ಎಂದಷ್ಟೇ ಹೇಳಿಕಳಿಸು.