ಫಂಕ್ಷನ್ ಇದ್ದಾಗ ಅಷ್ಟೇ

ಕೊಟ್ಟೂರು
14-5-2025

ಹೊಳಲಿನ ತಮ್ಮ ಗುರುಸಂಗಪ್ಪನಿಗೆ, ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಅಕ್ಕ ನಾಗಲಿಂಗಮ್ಮ ಬರೆಯುವುದು.

ನಾನು ಯಾರೆಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಈಚೆಗೆ ನಿಮ್ಮ ಮನೆಯಲ್ಲಿ ಎಲ್ಲರೂ ಅದನ್ನು ಮರೆತಂತೆ ಕಾಣುತ್ತದೆ. ಹತ್ತನೇ ತರಗತಿಯನ್ನು ಮೊದಲ ಸಲಕ್ಕೇ ಪಾಸು ಮಾಡಿದವಳು ನಾನು. ಗಂಡ ತೀರಿಕೊಂಡ ಮೇಲೆ ಶಾಮಿಯಾನ ಮತ್ತು ಪಾತ್ರೆ ಬಾಡಿಗೆಯ ಅಂಗಡಿಯನ್ನು ಒಬ್ಬಳೇ ನಡೆಸಿದವಳು. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಜನ ಲಗ್ನಪತ್ರಿಕೆ ಅಚ್ಚು ಹಾಕಿಸುವ ಮೊದಲು ನನ್ನ ಶಾಮಿಯಾನ ಖಾಲಿ ಇದೆಯೇ ಎಂದು ಕೇಳುತ್ತಾರೆ. ನನ್ನ ಮಗಳನ್ನು ಯಾರಿಗೆ ಕೊಡಬೇಕೆಂದು ನನಗೆ ಬುದ್ಧಿ ಹೇಳುವ ಮೊದಲು ಇದನ್ನು ನೆನಪಿಟ್ಟುಕೋ.

ಫೋನು ಮಾಡಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕುತ್ತೀ, ನಡುವೆ ನಿನ್ನ ಹೆಂಡತಿ ಮಾತಾಡುತ್ತಾಳೆ, ಆಮೇಲೆ ನಿಮ್ಮ ಮನೆಯ ಟಿವಿಯೂ ಮಾತಾಡುತ್ತದೆ. ಪತ್ರದ ನಡುವೆ ಯಾರೂ ಬಾಯಿ ಹಾಕಲಾರರು.

ನೀನು ಯುಗಾದಿ ಆದಮೇಲೆ ಬಂದು ನಮ್ಮ ಶೈಲಾಳನ್ನು ನಿನ್ನ ಮಗ ಅರುಣಕುಮಾರನಿಗೆ ಕೇಳಿದೆ. ಸೋದರಮಾವನ ಮಗನ ಹಕ್ಕು, ಕೇಳಿದ್ದರಲ್ಲಿ ತಪ್ಪಿಲ್ಲ. ಹುಡುಗ ಚೆಲುವ, ಮಾತುಗಾರ, ಮದುವೆಯಾದರೆ ಅಂಗಡಿಯನ್ನೂ ನೋಡಿಕೊಳ್ಳುತ್ತೇನೆ ಎಂದ. ಕುಡಿತದ ಮಾತು ಬಂದಾಗ ನೀನು ಹೇಳಿದ್ದು ಇಷ್ಟೇ: "ಫಂಕ್ಷನ್ ಇದ್ದಾಗ ಅಷ್ಟೇ ಅಕ್ಕ, ಈಗಿನ ಹುಡುಗರು ಯಾರು ಬಿಟ್ಟಾರ?" ಅಲ್ಲಿ ಕೂತಿದ್ದ ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಮಾತು ಹಗುರವಾಗಿತ್ತು, ಅವಲಕ್ಕಿಯ ಜೊತೆ ಒಳಗೆ ಹೋಯಿತು.

ಶೈಲಾ ಮಾತ್ರ ಅಡುಗೆಮನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದಳು. "ಅವ್ವ, ಊರ ಮಂದಿಗೆ ವರ್ಷಕ್ಕೊಂದೋ ಎರಡೋ ಫಂಕ್ಷನ್. ನಮಗ ದಿನಾ ಫಂಕ್ಷನ್ ಐತಿ. ನಮ್ಮ ದಂಧೇನ ಅದು. ಅವ ಫಂಕ್ಷನ್ ಇದ್ದಾಗ ಅಷ್ಟೇ ಕುಡದ್ರ, ಕುಡೀಲಾರದ ದಿನ ಯಾವುದು, ನೀನೇ ಹೇಳು."

ಒಲೆಯ ಮೇಲೆ ಹಾಲಿತ್ತು, ನಾನು ಅದನ್ನು ನೋಡಿದೆ.

ಅದೇ ವಾರ ಇನ್ನೊಂದು ಗಂಡು ಬಂತು. ಹಗರಿಬೊಮ್ಮನಹಳ್ಳಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿರುವ ಅಮರೇಶ್, ಅವನ ತಾಯಿ ಪಂಪಮ್ಮ. ನನ್ನ ಗಂಡನ ಅಣ್ಣ ಪಾಲಾಕ್ಷಪ್ಪ ಹಿರಿಯರ ಗತ್ತಿನಲ್ಲಿ ಕೇಳಿದರು: "ಕುಡಿಯೋದು ಗಿಡಿಯೋದು ಐತೇನಪ?" ಇಂಥ ಪ್ರಶ್ನೆಗೆ ಎಲ್ಲ ಗಂಡುಗಳೂ ನೆಲ ನೋಡಿ ನಗುತ್ತವೆ. ಈ ಹುಡುಗ ನಗಲಿಲ್ಲ. "ಕುಡೀತಿದ್ದೆ ರೀ. ಬಾಳ ಕುಡೀತಿದ್ದೆ. ಅಂಗಡಿ ಬಾಗಲಾ ಮುಚ್ಚೋ ಮಟ್ಟ ಕುಡದೆ. ಕುಡಿತ ಬಿಡಿಸೋ ಶಿಬಿರಕ್ಕ ಹೋಗಿ ಬಂದು ನಾಕು ವರ್ಷ ಆತು. ಆಮ್ಯಾಲೆ ಮುಟ್ಟಿಲ್ರಿ" ಎಂದ. ಪಂಪಮ್ಮ ಸೆರಗು ಸರಿಮಾಡಿಕೊಂಡು ಮಗನ ಮುಖವನ್ನೇ ನೋಡುತ್ತಿದ್ದಳು. ನಾಚಿಕೆಯಿಂದಲ್ಲ, ಹೆಮ್ಮೆಯಿಂದ.

ಅವರು ಬಸ್ಸು ಹತ್ತುವುದೇ ತಡ, ನಮ್ಮ ಪಡಸಾಲೆ ನ್ಯಾಯಾಲಯವಾಯಿತು. ಭಾವ ಪಾಲಾಕ್ಷಪ್ಪ ಎದ್ದು ನಿಂತು, "ಏನವಾ ನಾಗಲಿಂಗಮ್ಮ, ಕುಡುಕಗ ಹೆಣ್ಣು ಕೊಡ್ತೀಯೇನು?" ಎಂದರು.

"ಬಿಟ್ಟೀನಿ ಅಂದ್ನಲ್ರಿ" ಎಂದೆ.

"ಬಿಟ್ಟೀನಿ ಅಂದ್ರ ಕುಡೀತಿದ್ದ ಅಂತ ಅರ್ಥ. ನಮ್ಮ ಅರುಣ ಹಂಗೇನಿಲ್ಲ, ಎಂದೂ ಬಿಟ್ಟೇ ಇಲ್ಲ."

ಗುರುಸಂಗಪ್ಪ, ಈ ಮಾತನ್ನು ನಾನು ಕಟ್ಟಿ ಹೇಳುತ್ತಿಲ್ಲ. ಶೈಲಾ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಭಾವನಿಗೆ ತಾವು ಹೇಳಿದ್ದರಲ್ಲಿ ನಗುವಂಥದ್ದೇನಿದೆ ಎಂದು ಇವತ್ತಿಗೂ ತಿಳಿದಿಲ್ಲ.

ಹಾಗೆಂದು ನಾನು ಅಮರೇಶನನ್ನು ಕೂಡಲೇ ನಂಬಿದೆ ಎಂದುಕೊಳ್ಳಬೇಡ. ಬಾಡಿಗೆಗೆ ಕೊಟ್ಟ ಚಮಚವನ್ನೂ ತಿರುಗಿಸಿ ನೋಡಿ ಒಳಗಿಟ್ಟುಕೊಳ್ಳುವವಳು ನಾನು. ಕಾನಹೊಸಹಳ್ಳಿಯಲ್ಲಿ ಒಂದು ಗೃಹಪ್ರವೇಶಕ್ಕೆ ನಮ್ಮ ಶಾಮಿಯಾನ ಹೋಗಿತ್ತು. ಜನರೇಟರ್ ಕೈಕೊಟ್ಟಿದೆ ಎಂದು ಹೇಳಿ ಅವನನ್ನು ಅಲ್ಲಿಗೆ ಕರೆಸಿದೆ. ಅರುಣನಿಗೆ ಬಾ ಎಂದು ಯಾರೂ ಹೇಳಬೇಕಾಗಿರಲಿಲ್ಲ, ಫಂಕ್ಷನ್ ಎಂದು ಕೇಳಿ ತಾನೇ ಬಂದಿದ್ದ. ಅಮರೇಶ್ ಜನರೇಟರ್ ಬಿಚ್ಚಿ ನೋಡಿ, ಮುಚ್ಚಿ, ಕೈ ಒರೆಸಿಕೊಂಡು ಬಂದ. "ಇದಕ್ಕೇನೂ ಆಗಿಲ್ರಿ ಅಮ್ಮಾರ. ಪರೀಕ್ಷೆ ಇದಕ್ಕೋ, ನನಗೋ?" ಊಟ ಮಾಡಿಕೊಂಡು ಹೋಗು ಎಂದೆ.

ನೀರಿನ ಟ್ಯಾಂಕರಿನ ಮರೆಯಲ್ಲಿ ಗಂಡಸರ ಇನ್ನೊಂದು ಪಂಕ್ತಿ ಆಗಲೇ ಕೂತಿತ್ತು. ಭಾವನವರೇ ಲೋಟ ಹಿಡಿದು ಅಮರೇಶನನ್ನು ಅಡ್ಡಗಟ್ಟಿದರು. "ಒಂದು ಗುಟುಕಿಗೆ ಏನಾಕ್ಕತಿ? ಗಂಡಸು ಹೌದೋ ಅಲ್ಲೋ ನೀನು?" ನಾನು ಅನ್ನದ ಕೊಪ್ಪರಿಗೆಯ ಹಿಂದೆ ನಿಂತು ಕಿವಿಗೊಟ್ಟೆ. ನನ್ನ ಮಗಳ ಬಾಳು ಆ ಒಂದು ಲೋಟದಲ್ಲಿತ್ತು. ಹುಡುಗ ಲೋಟವನ್ನು ಮೆಲ್ಲಗೆ ಅವರ ಕಡೆಗೇ ತಿರುಗಿಸಿದ. "ನನ್ನ ಪಾಲಿಂದು ಮೊದಲೇ ಕುಡದು ಮುಗಿಸೀನ್ರಿ ಹಿರಿಯರ. ಈಗ ನಿಮ್ಮ ಪಾಲಿಗೆ ಕೈ ಹಾಕಿದ್ರ ಚಲೋ ಇರಂಗಿಲ್ಲ."

ಅಷ್ಟರಲ್ಲಿ ಅದೇ ಪಂಕ್ತಿಯಿಂದ ಎದ್ದ ನಿನ್ನ ಮಗ ನಮ್ಮ ಲಾರಿಯ ಮೇಲೆ ಹತ್ತಿದ್ದ. ನಮ್ಮ ಆಳುಗಳ ಮುಖ್ಯಸ್ಥ ಹುಲುಗಣ್ಣನನ್ನು ಕೂಗಿ, "ಲೇ ಹುಲುಗ, ಟೈಮಾತು, ಹಗ್ಗ ಬಿಚ್ರಲೇ. ನಾಳಿನ ಮಾಲಕ ಹೇಳಾಕತ್ತೀನಿ" ಎಂದು ಅಪ್ಪಣೆ ಕೊಟ್ಟ. ಹುಲುಗಣ್ಣ ನನ್ನನ್ನು ಹುಡುಕಲು ಓಡಿದ. ಹೊಸ ಆಳುಗಳು ಮಾಲೀಕನ ಮಾತೆಂದು ಎರಡು ಗೂಟದ ಹಗ್ಗ ಸಡಿಲಿಸಿಯೇ ಬಿಟ್ಟರು. ಆಗ ಎರಡನೇ ಪಂಕ್ತಿ ಹೋಳಿಗೆಗೆ ಬಂದಿತ್ತು.

ಶಾಮಿಯಾನ ಒಮ್ಮೆಗೇ ಬೀಳಲಿಲ್ಲ. ಎಮ್ಮೆ ಕೂರುವಂತೆ ನಿಧಾನವಾಗಿ, ಉಸಿರು ಬಿಟ್ಟು, ಎಲ್ಲರ ತಲೆಯ ಮೇಲೆ ಕೂತಿತು. ನಾನೂ ಅದರಡಿಯಲ್ಲಿದ್ದೆ. ಇಷ್ಟು ವರ್ಷ ಊರಿಗೆಲ್ಲ ನೆರಳು ಕೊಟ್ಟವಳು ನನ್ನದೇ ಬಟ್ಟೆಯ ಕೆಳಗೆ ಮೊಣಕಾಲೂರಿ, ತುಪ್ಪದ ಪಾತ್ರೆ ದಾಟಿ ಹೊರಬಂದೆ. ಹಣೆಯ ವಿಭೂತಿ ಅಳಿಸಿರಲಿಲ್ಲ ಎಂದು ಶೈಲಾ ಹೇಳಿದಳು, ಸುಳ್ಳಿರಬೇಕು. ನಡುಗಂಬ ಮಾತ್ರ ನೆಟ್ಟಗೇ ಇತ್ತು. ಮಕ್ಕಳು, ಮುದುಕಿಯರೆಲ್ಲ ಹೊರಗೆ ಬರುವವರೆಗೆ ಅಮರೇಶ್ ಅದನ್ನು ಎದೆಗವಚಿಕೊಂಡು ನಿಂತಿದ್ದ. ಯಾರಿಗೂ ಪೆಟ್ಟಾಗಲಿಲ್ಲ. ಅಷ್ಟೊತ್ತಿಗೆ ಊಟಕ್ಕೆ ಬಂದು ಕೂತಿದ್ದ ಭಾವನವರ ಬೋಳುತಲೆಗೆ ಕಟ್ಟಿನ ಸಾರಿನ ಅಭಿಷೇಕವಾಯಿತು, ಅಷ್ಟೇ.

ಅರುಣನ ಬೈಕಿನ ಕೀಲಿಯನ್ನು ನಾನೇ ಕಿತ್ತುಕೊಂಡು ಅವನನ್ನು ಲಾರಿಯಲ್ಲಿ ಮಲಗಿಸಿ ತಂದೆ.

ನನಗೆ ಸಿಟ್ಟು ಬಂದದ್ದು ಆ ದಿನವಲ್ಲ, ಮಾರನೆಯ ದಿನ. ಕಾನಹೊಸಹಳ್ಳಿಯಿಂದ ಕೊಟ್ಟೂರಿನವರೆಗೆ ಒಂದೇ ಮಾತು: "ಹುಡುಗ ಬಾಳ ಮಜಾ ಅದಾನ ಬಿಡ್ರಿ, ನಕ್ಕು ನಕ್ಕು ಸಾಕಾತು." ಇದು ಅರುಣನ ಬಗ್ಗೆ. ಕಂಬ ಹಿಡಿದವನ ಬಗ್ಗೆ ಏನೆಂದರು ಗೊತ್ತೇ? "ಅವ ಹಳೇ ಕುಡುಕ, ಹುಷಾರಾಗಿರ್ರಿ." ಟೆಂಟು ಕೆಡವಿದವನು ಮಜಾದವನು, ಎತ್ತಿ ಹಿಡಿದವನು ಕುಡುಕ. ನಾಲ್ಕು ವರ್ಷ ಬಾಯಿ ಕಟ್ಟಿಕೊಂಡವನಿಗೆ ಸಿಗದ ಮರ್ಯಾದೆಯನ್ನು ನಾವು ಬಾಯಿ ಬಿಟ್ಟವನಿಗೆ ಕೊಡುತ್ತಿದ್ದೇವೆ. ನೀನು ಹೆಣ್ಣು ಕೇಳಲು ಬಂದ ದಿನ ನಾನೂ ಅವಲಕ್ಕಿ ತಿನ್ನುತ್ತಾ ಅದನ್ನೇ ಕೊಟ್ಟಿದ್ದೆ.

ನಾನು ಹಗರಿಬೊಮ್ಮನಹಳ್ಳಿಗೆ ಹೋಗಿ ಅವನ ಅಂಗಡಿಯ ಮುಂದೆಯೇ ಕೇಳಿದೆ: "ಮತ್ತ ಕುಡಿಯಂಗಿಲ್ಲ ಅಂತ ಆಣಿ ಮಾಡು." ಅವನು ತಂತಿ ಸುತ್ತುವುದನ್ನು ನಿಲ್ಲಿಸಿದ. "ಹಿಂದಕ ಬಾಳ ಆಣಿ ಮಾಡೀನ್ರಿ, ಎಲ್ಲಾ ಮುರದೀನಿ. ಇವತ್ತು ಕುಡದಿಲ್ಲ. ನಾಳಿಂದು ನಾಳಿ ಕೇಳ್ರಿ."

ಕೇಳಿದೆ. ಮಾರನೆಯ ದಿನ ಹಾಲಿನವನು ಬರುವ ಹೊತ್ತಿಗೆ ಫೋನು ಹಚ್ಚಿದೆ. ಅದರ ಮರುದಿನವೂ ಹಚ್ಚಿದೆ. ಈಗ ನಾನು ಬಾಯಿ ತೆರೆಯುವ ಮೊದಲೇ "ಇಲ್ರಿ ಅಮ್ಮಾರ, ಚಾ ಆತೇನ್ರಿ?" ಎನ್ನುತ್ತಾನೆ. ನಾನು ಫೋನಿಟ್ಟ ಮೇಲೆ ಶೈಲಾ ಅದನ್ನು ತೆಗೆದುಕೊಂಡು ಮಹಡಿಗೆ ಹೋಗುತ್ತಾಳೆ. ಅಲ್ಲಿ ಅವಳು ಏನು ಕೇಳುತ್ತಾಳೋ ನಾನು ವಿಚಾರಿಸಲು ಹೋಗಿಲ್ಲ.

ನೀನು ಮುನಿಸಿಕೊಳ್ಳುತ್ತೀ ಎಂದು ಗೊತ್ತು. ನಿನ್ನನ್ನು ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ಬೇಡ ಎಂದ ಮೇಲೆ ನಾನು ಮಾಡಿದ್ದರೆ ನಿನ್ನ ಮಾತು ಮೀರಿದಂತಾಗುತ್ತಿತ್ತು. ಅದಕ್ಕೆ ಕೇಳಲಿಲ್ಲ. ಮೊನ್ನೆ ಸೋಮವಾರ ನಮ್ಮ ಪಡಸಾಲೆಯಲ್ಲಿ ಶೈಲಾ ಮತ್ತು ಅಮರೇಶನ ನಿಶ್ಚಿತಾರ್ಥ ಮಾಡಿ ಮುಗಿಸಿದೆ. ಸೋದರಮಾವನಿಗೆ ಸಲ್ಲಬೇಕಾದ ವೀಳ್ಯವನ್ನು ನಿನ್ನ ಹೆಸರು ಹೇಳಿ ನಾನೇ ತೆಗೆದುಕೊಂಡೆ.

ನಿನ್ನ ಅಕ್ಕ,
ನಾಗಲಿಂಗಮ್ಮ

ತಾ.ಕ.: ಅರುಣ ಟಾರ್ಪಾಲು ನೋಡಲು ಹುಬ್ಬಳ್ಳಿಗೆ ಎಂದು ಹೇಳಿ ಹೋಗಿದ್ದಾನೆ, ಫೋನು ಹತ್ತುತ್ತಿಲ್ಲ ಎಂದು ನಿನ್ನ ಹೆಂಡತಿ ಗಾಬರಿಯಾಗಿದ್ದಾಳಂತೆ. ಆಗುವುದು ಬೇಡ. ನಿಶ್ಚಿತಾರ್ಥದ ದಿನ ಅವನು ಬಂದಿದ್ದ. ಊಟ ಮಾಡಲಿಲ್ಲ, ಅಮರೇಶನನ್ನು ಪಕ್ಕಕ್ಕೆ ಕರೆದು, "ನೀ ಹೋಗಿದ್ಯಲ್ಲ ಶಿಬಿರ, ಅದು ಎಲ್ಲೈತಿ?" ಎಂದು ಕೇಳಿದನಂತೆ. ಮಾರನೆಯ ದಿನ ಇಬ್ಬರೂ ಒಂದೇ ಬೈಕಿನಲ್ಲಿ ಹೋದರು, ಅಮರೇಶ್ ಒಬ್ಬನೇ ತಿರುಗಿ ಬಂದ. ಶಿಬಿರದಲ್ಲಿ ಫೋನು ತೆಗೆದಿಟ್ಟುಕೊಳ್ಳುತ್ತಾರೆ. ಯಾರಾದರೂ ಕೇಳಿದರೆ ಹುಬ್ಬಳ್ಳಿ ಎನ್ನಬೇಡ, ಇದ್ದದ್ದನ್ನು ಇದ್ದ ಹಾಗೆ ಗಟ್ಟಿಯಾಗಿ ಹೇಳು. ನಾನು ನಮ್ಮ ಓಣಿಯಲ್ಲಿ ಹೇಳಿಯಾಗಿದೆ.