ಗ್ರೀಕರಿಗೆ ಜಾಗವಿಲ್ಲದ ಮಠ

ಥ್ರೇಸ್ ಸೀಮೆಯ ನಮ್ಮ ಕೋಟೆಮನೆ,
ಶಿಲುಬೆ ಹಬ್ಬ ಕಳೆದ ನಾಲ್ಕನೆಯ ದಿನ,
ಈಗಿನ ಚಕ್ರವರ್ತಿ ಪಟ್ಟಕ್ಕೆ ಬಂದ ಮೂರನೆಯ ವರ್ಷ

ಒಡಹುಟ್ಟಿದ ಅಕ್ಕ ಖುವಾಷಾಕ್‌ಗೆ ತಂಗಿ ಲತಾವ್ರಿಯ ನಮಸ್ಕಾರಗಳು.

ಅಕ್ಕಾ, ನಿನ್ನ ಪತ್ರ ಈಸ್ಟರ್‌ಗೆ ಮೊದಲೇ ಬಂದಿತ್ತು. ಜೊತೆಗೆ ಕಳಿಸಿದ್ದ ಅಕ್ರೋಟದ ಸರಗಳೂ ಬಂದವು. ಅರ್ಧವನ್ನು ದಾರಿಯಲ್ಲಿ ಸವಾರರು ತಿಂದಿದ್ದರು, ಉಳಿದದ್ದನ್ನು ಯಾರಿಗೂ ಕೊಡದೆ ನಾನೊಬ್ಬಳೇ ತಿಂದೆ. ಆರು ತಿಂಗಳು ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಮೂರು ಸಲ ಬರೆಯಲು ಕುಳಿತೆ. ಮೂರು ಸಲವೂ ಏನು ಹೇಳಬೇಕೆಂದೇ ತಿಳಿಯದೆ ಎದ್ದುಬಿಟ್ಟೆ. ಈಗ ತಿಳಿದಿದೆ ಎಂದೇನೂ ಅಲ್ಲ.

ಮೊದಲು ಒಳ್ಳೆಯ ಸುದ್ದಿ. ನಮ್ಮ ಯಜಮಾನರಾದ ವರಾಜ್‌ವಾಚೆಗೆ ಪಶ್ಚಿಮದ ದಂಡಿನ ಮುಖ್ಯಸ್ಥಾನ ಸಿಕ್ಕಿದೆ. ಚಕ್ರವರ್ತಿಯ ದಂಡನಾಯಕರಲ್ಲಿ ಈಗ ನಮ್ಮ ಜಾರ್ಜಿಯಾದ ಮನೆತನದವರೇ ಮೂವರು. ಹಬ್ಬದ ಊಟಕ್ಕೆ ಅರಮನೆಗೆ ಹೋದಾಗ ಭಂಡಾರಾಧಿಕಾರಿಯ ಹೆಂಡತಿ ನನ್ನ ತೋಳು ಹಿಡಿದುಕೊಂಡು, "ನಿಮ್ಮೋರು ಬೆಟ್ಟ ಇಳಿದು ಬಂದಾಗ ಕುದುರೆ ಬಿಟ್ರೆ ಏನಿತ್ತಮ್ಮಾ? ಈಗ ನೋಡು, ಅರಮನೇಲಿ ಕೆಮ್ಮಬೇಕಂದ್ರೂ ನಿಮ್ಮ ಅಪ್ಪಣೆ ಬೇಕು" ಎಂದು ನಕ್ಕಳು. ನಾನೂ ನಕ್ಕೆ. ಹೊಗಳಿದಳೋ ಚುಚ್ಚಿದಳೋ ಇವತ್ತಿಗೂ ಗೊತ್ತಾಗಿಲ್ಲ. ಅದೇ ವಾರ ತವರಿನಿಂದ ನಮ್ಮ ದೊಡ್ಡಪ್ಪನ ಮಗ ಬರೆದಿದ್ದ: "ನೀವು ಬಿಡಿ, ಗ್ರೀಕರಾಗಿಬಿಟ್ರಿ." ಅಲ್ಲಿ ನಾವು ಗ್ರೀಕರು, ಇಲ್ಲಿ ಬೆಟ್ಟದವರು. ಕನ್ನಡಿಯ ಮುಂದೆ ನಿಂತು ತಲೆವಸ್ತ್ರ ಕಟ್ಟಿಕೊಳ್ಳುವಾಗ ಯಾರ ಹಾಗೆ ಕಟ್ಟಿಕೊಳ್ಳಲಿ ಎಂದು ಕೈ ನಿಂತುಬಿಡುತ್ತದೆ.

ಯಜಮಾನರಿಗೆ ಮಾತ್ರ ಇಂಥ ಗೊಂದಲವಿಲ್ಲ. ಚಕ್ರವರ್ತಿ ಇನಾಮು ಕೊಟ್ಟ ಹಳ್ಳಿಗಳ ನಡುವಿನ ಗುಡ್ಡದ ಮೇಲೆ ಒಂದು ಮಠ ಕಟ್ಟಿಸಿದ್ದಾರೆ. ಐವತ್ತು ಸನ್ಯಾಸಿಗಳು, ಎಲ್ಲರೂ ನಮ್ಮವರು, ಪೂಜೆ ಪ್ರಾರ್ಥನೆ ಎಲ್ಲ ನಮ್ಮ ಜಾರ್ಜಿಯನ್ ಮಾತಿನಲ್ಲೇ. ಮಠದ ನಿಯಮಾವಳಿಯನ್ನು ಅವರೇ ಕುಳಿತು ಬರೆಸಿದರು. ಗ್ರೀಕನೊಬ್ಬನೂ ಅಲ್ಲಿ ಸನ್ಯಾಸಿಯಾಗಕೂಡದು, ನಮ್ಮ ಮಾತು ಬಾರದವನೂ ಗ್ರೀಕನೇ. ಸರ್ಕಾರಕ್ಕೆ ಅರ್ಜಿ ಬರೆಯಲು ಒಬ್ಬ ಗ್ರೀಕ್ ಗುಮಾಸ್ತ ಇದ್ದರೆ ಸಾಕು. "ಯಾಕಿಷ್ಟು ಬಿಗಿ?" ಎಂದು ಕೇಳಿದ್ದಕ್ಕೆ, "ಇವರಿಗೆ ಕಾಲಿಡೋಕೆ ಜಾಗ ಕೊಟ್ಟು ನೋಡು, ಮೂರನೇ ತಲೆಮಾರಿಗೆ ನನ್ನ ಗೋರಿ ಮೇಲೆ ನನ್ನ ಹೆಸರೇ ಇರಲ್ಲ" ಎಂದರು. ಸರಿ ಅನ್ನಿಸಿತು. ನಾನೇ ಮುದ್ರೆಯ ಮೇಣ ಕರಗಿಸಿ ಕೊಟ್ಟೆ.

ಇನ್ನು ನಮ್ಮ ಮಗನ ವಿಷಯ. ಯೂಸ್ತಾಥಿಗೆ ಈಗ ಇಪ್ಪತ್ತು ತುಂಬಿದೆ. ಕಾನ್‌ಸ್ಟಾಂಟಿನೋಪಲ್‌ನಲ್ಲೇ ಹುಟ್ಟಿ ಬೆಳೆದವನು, ನಿನಗೆ ಗೊತ್ತಲ್ಲ, ಅವನ ಬಾಯಲ್ಲಿ ಗ್ರೀಕ್ ಬಿಟ್ಟು ಬೇರೆ ಮಾತಿಲ್ಲ. ಈ ಬೇಸಿಗೆಯಲ್ಲಿ ಒಂದು ದಿನ ಊಟದ ನಡುವೆ, "ಅಪ್ಪಾ, ನನಗೆ ದಂಡು ಬೇಡ. ನಿಮ್ಮ ಮಠದಲ್ಲೇ ಸನ್ಯಾಸ ತಗೋತೀನಿ" ಎಂದ. ಯಜಮಾನರು ಬೈಯಲಿಲ್ಲ, ಹೂಂ ಅನ್ನಲೂ ಇಲ್ಲ. "ಮಠಾಧಿಪತಿಗಳನ್ನ ಕೇಳು" ಎಂದಷ್ಟೇ ಹೇಳಿದರು. ಅವನು ವಾರವಿಡೀ ನಮ್ಮ ನಾಡಿನವನೇ ಆದ ಲಾಯದ ಮುದುಕನ ಹಿಂದೆ ಬಿದ್ದು ನಮ್ಮ ಮಾತಿನಲ್ಲಿ ಪ್ರಾರ್ಥನೆ ಕಲಿತ.

ಮಠದೊಳಕ್ಕೆ ಹೆಂಗಸರು ಹೋಗುವಂತಿಲ್ಲ. ಹೀಗಾಗಿ ಎಲ್ಲ ನಡೆದದ್ದು ಹೆಬ್ಬಾಗಿಲಲ್ಲಿ, ಉರಿಬಿಸಿಲಿನಲ್ಲಿ, ನನ್ನ ಕಣ್ಣೆದುರೇ. ಮಠಾಧಿಪತಿ ಕ್ವಿರಿಕೆ ಮುದುಕರು, ಸೌಮ್ಯರು. "ನಮ್ಮ ಮಾತಲ್ಲಿ ಪ್ರಾರ್ಥನೆ ಹೇಳಪ್ಪ" ಎಂದರು. ಹುಡುಗ ಎರಡು ಸಾಲು ಹೇಳಿ ಮೂರನೆಯದಕ್ಕೆ ತಡವರಿಸಿದ. "ಇರಲಿ, ನಿನ್ನ ಹೆಸರೇನು, ಯಾರ ಮನೆಯವನು, ಅದನ್ನೇ ಹೇಳು" ಎಂದರು. ಪ್ರಶ್ನೆಯೇ ಅವನಿಗೆ ಅರ್ಥವಾಗಲಿಲ್ಲ. ತಂದೆಯ ಮುಖ ನೋಡಿದ.

ಮಠಾಧಿಪತಿಗಳು ಯಜಮಾನರತ್ತ ತಿರುಗಿ, "ನಿಯಮ ನಿಮ್ಮದು, ದೊರೆ. ಒಂದು ಸಾಲು ಹೊಡೆದುಹಾಕಿ, ನಾನು ಇವತ್ತೇ ಒಳಗೆ ಸೇರಿಸ್ಕೋತೀನಿ" ಎಂದರು.

ಅಕ್ಕಾ, ಇವರು, ಸಾವಿರ ಜನರ ಎದುರು ಕ್ಷಣದಲ್ಲಿ ಅಪ್ಪಣೆ ಕೊಡುವ ಮನುಷ್ಯ, ನೆಲ ನೋಡುತ್ತ, "ಮಗನಿಗೆ ಅಂತ ಅಳಿಸಿದರೆ ಅದು ನಿಯಮ ಹೇಗಾಗತ್ತೆ? ಗುಮಾಸ್ತನ ಜಾಗ ಖಾಲಿ ಇದೆಯಲ್ಲ, ಅಲ್ಲಿರಲಿ" ಎಂದರು. ನಮ್ಮ ಮಾತಿನಲ್ಲೇ ಹೇಳಿದರು. ಕುದುರೆ ಹಿಡಿದು ನಿಂತಿದ್ದ ಲಾಯದ ಮುದುಕ ಅದನ್ನು ಮಗನಿಗೆ ಗ್ರೀಕ್‌ನಲ್ಲಿ ಹೇಳಬೇಕಾಯಿತು.

ಯೂಸ್ತಾಥಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. "ಅಪ್ಪನ ಮಠದಲ್ಲಿ ಇರಬಹುದಾದ ಒಬ್ಬನೇ ಒಬ್ಬ ಗ್ರೀಕ ನಾನು, ಅಲ್ವಾ?" ಎಂದು ನಕ್ಕ. ಮಠಾಧಿಪತಿಗಳ ಕೈಗೆ ಮುತ್ತಿಟ್ಟು ಗುಡ್ಡ ಇಳಿದುಬಿಟ್ಟ. ಎರಡು ದಿನ ಬಿಟ್ಟು ಜಲಸಂಧಿ ದಾಟಿ ಬಿಥಿನಿಯಾದ ಗ್ರೀಕ್ ಮಠವೊಂದಕ್ಕೆ ಹೊರಟುಹೋದ. ಅಲ್ಲಿಂದ ಬಂದ ಸುದ್ದಿ ಕೇಳು: "ಬೆಟ್ಟದ ಸೇನಾಪತಿಯ ಮಗ, ನಮ್ಮ ಮೇಲೆ ಕಣ್ಣಿಡೋಕೆ ಬಂದಿದಾನೆ" ಎಂದು ಸನ್ಯಾಸಿಗಳು ಅವನ ಜೊತೆ ಊಟಕ್ಕೆ ಕೂರುವುದಿಲ್ಲವಂತೆ. ಅವನು ಮಾತ್ರ ಅಲ್ಲಿಂದ ಬರುವುದಿಲ್ಲವೆಂದು ಹೇಳಿ ಕಳಿಸಿದ್ದಾನೆ.

ಯಜಮಾನರು ಅಂದಿನಿಂದ ಮಠದ ಕಡೆ ಹೋಗಿಲ್ಲ. ಮೊನ್ನೆ ಹರಿವಾಣದಲ್ಲಿದ್ದ ದ್ರಾಕ್ಷಿಯನ್ನು ಸುಮ್ಮನೆ ಬಿಡಿಸುತ್ತ ಕೇಳಿದರು: "ನಾನು ಗಡಿಯಿಂದ ಗಡಿಗೆ ಅಲೀತಿದ್ದೆ, ಸರಿ. ಮನೇಲಿ ನೀನಿದ್ದೆ. ಅವನಿಗೆ ನಮ್ಮ ಮಾತು ಯಾಕೆ ಬರಲಿಲ್ಲ?" ರಾಜಧಾನಿಯ ಗಾಳಿ ಅಂಥದ್ದು ಎಂದೆ. ತಪ್ಪು ನಿಯಮದ್ದೋ, ಅದನ್ನು ಬರೆದವರದ್ದೋ, ನಮ್ಮನ್ನು ಇಲ್ಲಿ ಬೆಳೆಸಿದ ಈ ಸಾಮ್ರಾಜ್ಯದ್ದೋ, ನನಗೆ ಹೊಳೆಯುತ್ತಿಲ್ಲ. ಬೆಳಿಗ್ಗೆ ಒಬ್ಬರ ಮೇಲೆ ಸಿಟ್ಟು ಬರುತ್ತದೆ, ಸಂಜೆಗೆ ಅವರನ್ನೇ ಕಂಡು ಮರುಕ.

ನಿನ್ನ ಮಂಡಿನೋವು ಹೇಗಿದೆ? ಸೊಸೆಗೆ ಸುಖಪ್ರಸವವಾಗಲಿ. ಹುಟ್ಟುವ ಕೂಸು ನಿನ್ನ ತೊಡೆಯ ಮೇಲೆ ಬೆಳೆಯಲಿ. ಸಂತ ಜಾರ್ಜ್ ನಿನ್ನ ಹೊಲ, ಹಟ್ಟಿ, ಮನೆಮಂದಿಯನ್ನೆಲ್ಲ ಕಾಯಲಿ.

ನಿನ್ನ ತಂಗಿ,
ಲತಾವ್ರಿ

ಮರೆತ ಮಾತು: ಮರೆತದ್ದಲ್ಲ ಅಕ್ಕಾ, ಇದನ್ನು ಬರೆಯಲಾಗದೆಯೇ ಮೂರು ಸಲ ಎದ್ದದ್ದು. ನನ್ನ ಬಾಣಂತನಕ್ಕೆಂದು ನೀನು ತವರಿನಿಂದ ಕಳಿಸಿದ್ದ ದಾದಿ ಮ್ಜೆಕಾಲಾ ಜ್ವರದಲ್ಲಿ ತೀರಿಕೊಂಡಳೆಂದು ನಿನಗೂ ಬರೆದೆ, ಯಜಮಾನರಿಗೂ ಹೇಳಿದೆ. ಅವಳು ಸಾಯಲಿಲ್ಲ. ಮಗುವಿಗೆ ಆಗ ಎರಡು ವರ್ಷ. ನಮ್ಮ ಬೀದಿಯಲ್ಲಿದ್ದ ಜಾರ್ಜಿಯನ್ ಸರದಾರನೊಬ್ಬ ತವರಿನ ರಾಜನಿಗೆ ಗುಟ್ಟು ಬರೆದನೆಂದು ಅರಮನೆಯವರು ಅವನ ಕಣ್ಣು ಕೀಳಿಸಿದ್ದರು. ಯಜಮಾನರು ದಂಡಿನಲ್ಲಿದ್ದರು, ಮನೆಯಲ್ಲಿ ನಾನೊಬ್ಬಳೇ. ಮ್ಜೆಕಾಲಾ ಮಾತ್ರ ಬೀದಿಯ ಕಿಟಕಿಯ ಬಳಿ ಕುಳಿತು ಮಗುವಿಗೆ ನಮ್ಮ ಮಾತಿನಲ್ಲಿ ಲಾಲಿ ಹಾಡುತ್ತಿದ್ದಳು. ಅವಳಿಗೆ ಬೇರೆ ಮಾತು ಎಲ್ಲಿ ಬರುತ್ತಿತ್ತು? ಸುಮ್ಮನಿರೆಂದು ಬೇಡಿಕೊಂಡೆ, ಗದರಿದೆ, ಒಂದು ದಿನ ಬಾಯಿಗೆ ಹೊಡೆದೆ. ಕೊನೆಗೆ ಯಾರಿಗೂ ಹೇಳದೆ ತವರಿನ ದಾರಿಯಲ್ಲಿರುವ ಟ್ರೆಬಿಜಾಂಡ್‌ಗೆ ಹೋಗುವ ವ್ಯಾಪಾರಿಯ ಹಡಗು ಹತ್ತಿಸಿಬಿಟ್ಟೆ. ಅವಳು ಊರು ಮುಟ್ಟಿದ್ದರೆ ನೀನು ಎಂದೋ ನನ್ನನ್ನು ಕೇಳಿರುತ್ತಿದ್ದೆ. ನೀನು ಕೇಳಲೇ ಇಲ್ಲ.

ಹೊರಡುವ ದಿನ ಕುದುರೆ ಹತ್ತಿದ ಮೇಲೆ ಮಗ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದ: "ಅಮ್ಮಾ, ಯಾರೂ ಕಲಿಸದೆ ನನಗೆ ಗೊತ್ತಿರೋ ಜಾರ್ಜಿಯನ್ ಮಾತು ಒಂದೇ. 'ಸುಮ್ನಿರು'. ನಮ್ಮನೇಲಿ ಯಾರು ಹಾಗೆ ಹೇಳ್ತಿದ್ರು?"

ಗೊತ್ತಿಲ್ಲ ಕಂದಾ ಎಂದೆ. ಗ್ರೀಕ್‌ನಲ್ಲೇ ಎಂದೆ.