ಏಕಾದಶಿಯ ಗುಳಿಗೆ

ಅಮ್ಮ,

ನೀನು ಕ್ಷಯದಿಂದ ತೀರಿಹೋದ ವರ್ಷದೊಳಗೇ ನನಗೂ ಅದು ಅಂಟಿತು. ಇವತ್ತು ಏಕಾದಶಿ. ಆದರೂ ನವರಂಗಪುರದ ದವಾಖಾನೆಯಲ್ಲಿ ನರ್ಸ್ ಎದುರಿಗೇ ನಿಲ್ಲಿಸಿ ಗುಳಿಗೆ ನುಂಗಿಸಿದರು; ನೀರು ಕುಡಿದೆ. ನಿನಗೆ ಗುಳಿಗೆಗಳನ್ನು ಮನೆಗೇ ಕೊಟ್ಟಿದ್ದರು. ಏಕಾದಶಿ, ಶನಿವಾರ, ಷಷ್ಠಿ ಎಂದು ನೀನು ಉಪವಾಸವಿದ್ದ ದಿನ ಅವನ್ನು ದೇವರ ಗೂಡಿನಲ್ಲಿ ಎತ್ತಿಡುತ್ತಿದ್ದವಳು ನಾನು.

ತಿಂಗಳುಗಳಾದರೂ ನನ್ನ ಕಫದಿಂದ ಕ್ರಿಮಿ ಹೋಗಿಲ್ಲ. ಡಾಕ್ಟರು ಕೇಳಿದರು, “ಬೆಹೆನ್, ಮನೆಯಲ್ಲಿ ಯಾರಾದರೂ ಈ ಗುಳಿಗೆ ಬಿಟ್ಟು ಬಿಟ್ಟು ತಗೊಂಡಿದ್ರಾ? ಅಂಥವರ ಕ್ರಿಮಿಗೆ ಈ ಔಷಧಿ ನಾಟಲ್ಲ. ಅದೇ ನಿಮಗೆ ಬಂದಿದ್ರೆ ಬೇರೆ ಔಷಧಿ ಬೇಕು.”

“ಇಲ್ಲ” ಅಂದುಬಿಟ್ಟೆ. ನಿನ್ನ ಮೇಲೆ ಮಾತು ಬರಬಾರದೆಂದು.

ಔಷಧಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಲ್ಲಿ ತುಂಬಿ ಈಗ ಇಲಿಗಳಿಗೆ ಕೊಟ್ಟು ನೋಡುತ್ತಿದ್ದಾರಂತೆ, ಡಾಕ್ಟರೇ ಹೇಳಿದರು. ಒಮ್ಮೆ ನುಂಗಿದರೆ ವಾರವಿಡೀ ಮೈಯಲ್ಲಿ ಉಳಿಯುತ್ತದಂತೆ. ನಿನ್ನ ಕಾಲಕ್ಕೆ ಅದಿದ್ದರೆ ಯಾವ ಉಪವಾಸವೂ ಕೆಡುತ್ತಿರಲಿಲ್ಲ. ಮನುಷ್ಯರಿಗೆ ಬರಲು ಇನ್ನೂ ಎಷ್ಟು ವರ್ಷವೋ.

“ಸರಿ, ಹಾಗಾದ್ರೆ ಇದೇ ಗುಳಿಗೆ ಮುಂದುವರಿಸೋಣ” ಎಂದರು, ನನ್ನ ‘ಇಲ್ಲ’ ನಂಬಿ.

ಈಗ ಮನೆಯಲ್ಲಿ, ನನ್ನ ಕೋಣೆಯ ಬಾಗಿಲಾಚೆ ನಿನ್ನ ಮೊಮ್ಮಗಳು ವರ್ಷಿಣಿ, “ಮಮ್ಮಿ, ಒಳಗೆ ಬರ್ಲಾ?” ಎಂದು ಕೇಳುತ್ತಿದ್ದಾಳೆ. ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದೇನೆ. ಬೇಡ ಎನ್ನಲು ಅದನ್ನು ತೆಗೆದರೆ ಕೆಮ್ಮು ಬರುತ್ತದೆ.